ನೀರು ಹಾಕಬೇಕೋ, ಹಾಕಬಾರದೋ?

ಕಳೆದ ತಿಂಗಳು ಗ್ರಾಚ್ಯುಟಿ ಲೆಕ್ಕದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಿಗೆ ಫೋನಿನಲ್ಲೇ ಉತ್ತರ ಕೊಡ್ತಾ ಇದ್ದೀನಿ, ಬಾಕಿ ಇರೋರು ಸ್ವಲ್ಪ ತಾಳಿ. ಈ ಸಲದ ವಿಷಯ ದುಡ್ಡಿನದಲ್ಲ, ಆದ್ರೆ ಕೊನೆಗೆ ದುಡ್ಡಿಗೇ ಬಂದು ನಿಲ್ಲುತ್ತೆ. ಬಾಗಲಕೋಟೆ ಕಡೆಯ ವೆಲ್ಡರ್ ಒಬ್ಬರು ಕೇಳಿದ್ದು: "ಸರ್, ಮುಂಜಾನೆ ದಪ್ಪ ಪ್ಲೇಟಿನ ಜಾಯಿಂಟಿಗೆ ಚೂರು ನೀರು ಹಾಕಿದ್ದಕ್ಕ ಫೋರ್‌ಮನ್ ಬಾಯಿಗೆ ಬಂದಂಗ ಬೈದ್ರು. ಮಧ್ಯಾಹ್ನ ಎಸ್‌ಎಸ್ ಪೈಪಿಗೆ ಹಸಿ ಅರಿವಿ ಸುತ್ತು ಅಂತ ಅವರ ಹೇಳಿದ್ರು. ಎರಡೂ ಕಬ್ಬಿಣಾನ ಅಲ್ಲೇನ್ರಿ? ನಮ್ಮನ್ನ ಆಟ ಆಡಸ್ತಾರೇನು?"

ಆಟ ಆಡಿಸ್ತಾ ಇಲ್ಲ. ಫೋರ್‌ಮನ್ ಹೇಳಿದ್ದು ಎರಡೂ ಸರಿ. ಆದ್ರೆ ಯಾಕೆ ಅಂತ ಹೇಳದೇ ಬೈದರಲ್ಲ, ಅದು ಸರಿಯಲ್ಲ. ಆ 'ಯಾಕೆ'ಯನ್ನ ಈ ತಿಂಗಳು ಬರೀತೀನಿ.

ಬಿಕಾಂ ಓದಿದವನಿಗೆ ಕಬ್ಬಿಣದ ಉಸಾಬರಿ ಯಾಕೆ ಅಂತ ಕೇಳಬಹುದು. ಒಂದು ಜಾಯಿಂಟ್ ರಿಜೆಕ್ಟ್ ಆದ್ರೆ ನನ್ನ ಪುಸ್ತಕದಲ್ಲಿ ಎಷ್ಟು ಎಂಟ್ರಿ ಬೀಳುತ್ತೆ ಗೊತ್ತಾ? ಗೌಜಿಂಗ್, ಗ್ರೈಂಡಿಂಗ್ ವೀಲ್, ಹೊಸ ರಾಡು, ಮತ್ತೆ ಬಿಸಿ ಮಾಡಲು ಗ್ಯಾಸು, ಮತ್ತೆ ಎಕ್ಸ್‌ರೇ, ಅಲ್ಲಿಯವರೆಗೂ ನಿಂತ ಕ್ರೇನಿನ ಬಾಡಿಗೆ. ಅದರ ಜೊತೆ ವೆಲ್ಡರ್ ಹೆಸರಿನ ಮುಂದೆ ಒಂದು ರಿಪೇರಿ ಏರುತ್ತೆ. ರಿಪೇರಿ ಜಾಸ್ತಿ ಇರೋರ ಹೆಸರು ಮುಂದಿನ ಪ್ರಾಜೆಕ್ಟಿನ ಪಟ್ಟಿಯಲ್ಲಿ ಕಾಣೋದಿಲ್ಲ. ಈ ಬಿಲ್ಲುಗಳನ್ನ ವರ್ಷಾನುಗಟ್ಟಲೆ ನೋಡಿ, ನಮ್ಮ ಕ್ಯೂಸಿ ಇನ್‌ಸ್ಪೆಕ್ಟರ್ ಪಕ್ಕ ಕೂತು ಕೇಳಿ, ಅವರು ಕೊಟ್ಟ ಪುಸ್ತಕ ಓದಿ ತಿಳಿದುಕೊಂಡದ್ದು ಇದು.

ನಮ್ಮ ಕ್ಯಾಂಪಿನ ರೂಮು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ಮೂಲೆಗೆ ನಾಲ್ಕು ಡಬಲ್ ಬಂಕ್, ಕೆಳಗೆ ನಾಲ್ಕು ಜನ, ಮೇಲೆ ನಾಲ್ಕು ಜನ. ಒಟ್ಟು ಎಂಟು. ಒಂಬತ್ತನೆಯವನು ರೂಮಿನ ನಟ್ಟನಡುವೆ. ತಣ್ಣಗಿರೋ ಕಬ್ಬಿಣದ ಅಣುಗಳು ಹೀಗೇ ಇರ್ತವೆ: ಎಂಟು ಮೂಲೆಗೆ ಎಂಟು, ನಡುವೆ ಒಂದು. ಇದಕ್ಕೆ ಫೆರೈಟ್ ಅಂತ ಹೆಸರು. ಶುದ್ಧ ಕಬ್ಬಿಣವನ್ನ 912 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಇನ್ನೂ ಕರಗಿರೋದಿಲ್ಲ, ಗಟ್ಟಿಯಾಗೇ ಇರುತ್ತೆ, ಆದ್ರೆ ಒಳಗೆ ಎಲ್ಲರೂ ಎದ್ದು ಜಾಗ ಬದಲಾಯಿಸ್ತಾರೆ. ಮೂಲೆಯ ಎಂಟು ಹಾಗೇ ಇರುತ್ತೆ. ನಡುವಿನವನು ಖಾಲಿ ಮಾಡ್ತಾನೆ, ಬದಲಿಗೆ ನಾಲ್ಕು ಗೋಡೆ, ನೆಲ, ತಾರಸಿ, ಪ್ರತಿಯೊಂದರ ಮಧ್ಯಕ್ಕೂ ಒಬ್ಬೊಬ್ಬ ಬಂದು ನಿಲ್ತಾನೆ. ಗೋಡೆಯವನು ಪಕ್ಕದ ರೂಮಿಗೂ ಸೇರಿದವನು, ಅರ್ಧ ಲೆಕ್ಕ ಅವರಿಗೆ. ಇದು ಆಸ್ಟೆನೈಟ್. ಹೀಗೆ ಒಂದೇ ಲೋಹದ ಬೇರೆ ಬೇರೆ ಜೋಡಣೆಗಳಿಗೆ ಫೇಸ್ ಅಂತಾರೆ.

ಈಗ ಕಾರ್ಬನ್ ಬರ್ಲಿ. ಅದು ಸಣ್ಣ ಅಣು, ರೂಮಿಗೆ ಬಂದ ನೆಂಟ ಅಂದ್ಕೊಳ್ಳಿ. ಬಿಸಿ ರೂಮಿನಲ್ಲಿ ನಡುವಿನ ಜಾಗ ಖಾಲಿ ಇದೆಯಲ್ಲ, ಆರಾಮಾಗಿ ಮಲಗ್ತಾನೆ. ತಣ್ಣನೆ ರೂಮಿನಲ್ಲಿ ಆ ಜಾಗದಲ್ಲಿ ಆಗಲೇ ಒಬ್ಬ ಇದ್ದಾನೆ, ನೆಂಟನಿಗೆ ಸಿಗೋದು ಸಂದಿಗೊಂದಿ ಮಾತ್ರ. ಸಂಖ್ಯೆಯಲ್ಲಿ ಹೇಳೋದಾದ್ರೆ, ಫೆರೈಟಿನಲ್ಲಿ ಹೆಚ್ಚೆಂದರೆ ಶೇಕಡಾ 0.022ರಷ್ಟು ಕಾರ್ಬನ್ ಕರಗುತ್ತೆ, ಅದೂ 727 ಡಿಗ್ರಿಯಲ್ಲಿ. ಆಸ್ಟೆನೈಟಿನಲ್ಲಿ 1147 ಡಿಗ್ರಿಗೆ ಶೇಕಡಾ 2ಕ್ಕೂ ಸ್ವಲ್ಪ ಹೆಚ್ಚು. ಹತ್ತಿರ ಹತ್ತಿರ ನೂರು ಪಟ್ಟು ವ್ಯತ್ಯಾಸ. ನಾವು ದಿನಾ ಕೈಯಾಡಿಸೋ ಸಾಮಾನ್ಯ ಪೈಪಿನಲ್ಲಿ ಶೇಕಡಾ 0.2ರಷ್ಟು ಕಾರ್ಬನ್ ಇರುತ್ತೆ, ಅಂದ್ರೆ ಒಂದು ಟನ್ ಉಕ್ಕಿನಲ್ಲಿ ಎರಡು ಕಿಲೋ. ಉಕ್ಕಿನ ಅರ್ಧ ಕಥೆ ಈ ಎರಡು ಕಿಲೋದ್ದೇ.

ಬಿಸಿಯಲ್ಲಿ ಕರಗಿ ಕೂತ ಆ ಕಾರ್ಬನ್ ತಣ್ಣಗಾಗುವಾಗ ಎಲ್ಲಿಗೆ ಹೋಗಬೇಕು? ನಿಧಾನಕ್ಕೆ ತಣಿಸಿದ್ರೆ ಅದಕ್ಕೆ ರೂಮು ಖಾಲಿ ಮಾಡಲು ಸಮಯ ಸಿಗುತ್ತೆ. ಅಕ್ಕಪಕ್ಕದ ಕಬ್ಬಿಣವನ್ನ ಸೇರಿಸಿಕೊಂಡು, ಮೂರು ಕಬ್ಬಿಣಕ್ಕೆ ಒಂದು ಕಾರ್ಬನ್ ಲೆಕ್ಕದಲ್ಲಿ, ಬೇರೆಯೇ ಮನೆ ಕಟ್ಟಿಕೊಳ್ಳುತ್ತೆ. ಆ ಮನೆಯೇ ಕಾರ್ಬೈಡ್, ಅದರ ಹೆಸರು ಸಿಮೆಂಟೈಟ್. ತುಂಬಾ ಗಟ್ಟಿ, ಅಷ್ಟೇ ಬಿರುಸು. 727 ಡಿಗ್ರಿಯ ಕೆಳಗೆ ಇಳಿಯುವಾಗ ಒಂದು ಪದರ ಫೆರೈಟ್, ಒಂದು ಪದರ ಸಿಮೆಂಟೈಟ್, ಹೀಗೆ ಚಿರೋಟಿಯ ಹಾಗೆ ಎಳೆ ಎಳೆಯಾಗಿ ಕೂರುತ್ತೆ. ಮೆದುವಿನ ಮಧ್ಯೆ ಗಟ್ಟಿ ಇರೋದ್ರಿಂದ ಬಲವೂ ಇದೆ, ಬಾಗೋ ಗುಣವೂ ಇದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆನ್ರಿ ಸೋರ್ಬಿ ಅನ್ನೋರು 1860ರ ದಶಕದಲ್ಲಿ ಉಕ್ಕನ್ನ ನುಣುಪಾಗಿ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಈ ಪದರಗಳು ಮುತ್ತಿನ ಚಿಪ್ಪಿನ ಹಾಗೆ ಹೊಳೆದವಂತೆ. ಅದಕ್ಕೇ ಪರ್ಲೈಟ್ ಅಂತ ಹೆಸರು ಬಂತು. ನಮ್ಮ ಪೈಪು, ಪ್ಲೇಟು, ಬೀಮು, ಎಲ್ಲಾ ಹೆಚ್ಚುಕಮ್ಮಿ ಫೆರೈಟ್ ಮತ್ತು ಪರ್ಲೈಟಿನ ಮಿಶ್ರಣ.

ಜೋರಾಗಿ ತಣಿಸಿದ್ರೆ ಕಥೆ ಬೇರೆ. ನೆಂಟ ಇನ್ನೂ ಹಾಸಿಗೆ ಸುತ್ತಿಲ್ಲ, ಅಷ್ಟರಲ್ಲಿ ಗೋಡೆಯವರೆಲ್ಲ ವಾಪಸ್ ಹಳೇ ಜಾಗಕ್ಕೆ ನುಗ್ತಾರೆ. ಕಾರ್ಬನ್ ಒಳಗೇ ಸಿಕ್ಕಿಬೀಳುತ್ತೆ. ರೂಮು ಚೌಕಾಕಾರ ಉಳಿಯೋದಿಲ್ಲ, ಒಂದು ಕಡೆಗೆ ಎಳೆದ ಹಾಗೆ ಉದ್ದ ಆಗುತ್ತೆ, ಪ್ರತಿ ಅಣುವೂ ಬಿಗಿದುಕೊಂಡು ನಿಂತಿರುತ್ತೆ. ಇದು ಮಾರ್ಟೆನ್ಸೈಟ್, ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನಿಂದ ಬಂದದ್ದು. ಫೈಲಿನಿಂದ ತಿಕ್ಕಿದ್ರೂ ಗೀರು ಬೀಳದಷ್ಟು ಗಟ್ಟಿ ಆಗಬಹುದು. ಪೆಟ್ಟು ಬಿದ್ರೆ ಗಾಜಿನಂತೆ ಒಡೆಯಬಹುದು.

ನಮ್ಮ ಊರ ಕಮ್ಮಾರರಿಗೆ ಇದೆಲ್ಲ ಹೆಸರಿಲ್ಲದೇ ಗೊತ್ತಿತ್ತು. ಕೆಂಪಗೆ ಕಾದ ಕುಡಗೋಲಿನ ಬಾಯನ್ನ ನೀರಿಗೆ ಅದ್ದಿ, ಚುಯ್ ಅಂದ ಮೇಲೆ ಅಲ್ಲಿಗೇ ಬಿಡ್ತಿರಲಿಲ್ಲ. ಉಳಿದ ಬಿಸಿ ಮೆಲ್ಲಗೆ ಅಂಚಿಗೆ ಬರೋವರೆಗೂ ಬಣ್ಣ ನೋಡ್ತಾ ಇರ್ತಿದ್ರು. ಒಣಹುಲ್ಲಿನ ಹಳದಿ ಅಂದ್ರೆ ಸುಮಾರು 230 ಡಿಗ್ರಿ, ನೀಲಿ ಅಂದ್ರೆ ಸುಮಾರು 300. ಬೇಕಾದ ಬಣ್ಣ ಬಂದ ತಕ್ಷಣ ಮತ್ತೆ ಅದ್ದೋದು. ಆ ಸಣ್ಣ ಬಿಸಿಗೆ ಸಿಕ್ಕಿಬಿದ್ದ ಕಾರ್ಬನ್ ಸ್ವಲ್ಪ ಸ್ವಲ್ಪ ಹೊರಬಂದು ಸಣ್ಣ ಸಣ್ಣ ಕಾರ್ಬೈಡ್ ಆಗುತ್ತೆ, ಬಿಗಿ ಸಡಿಲುತ್ತೆ. ಹದ ಅಂತ ಕರೀತಿದ್ದದ್ದು ಇದನ್ನೇ.

ಈಗ ವೆಲ್ಡಿಂಗಿಗೆ ಬನ್ನಿ. ನೀವು ರಾಡು ಹಚ್ಚಿದಾಗ ಜಾಯಿಂಟಿನ ಪಕ್ಕದ ಕೆಲವು ಮಿಲಿಮೀಟರ್ ಪಟ್ಟಿ ಕರಗೋದಿಲ್ಲ, ಆದ್ರೆ 727 ದಾಟಿ ಆಸ್ಟೆನೈಟ್ ಆಗುತ್ತೆ. ನೀವು ಮುಂದೆ ಹೋದ ಕೂಡಲೇ ಅದು ತಣಿಯೋಕೆ ಶುರು. 800ರಿಂದ 500 ಡಿಗ್ರಿಗೆ ಎಷ್ಟು ಸೆಕೆಂಡಿನಲ್ಲಿ ಇಳಿಯಿತು ಅನ್ನೋದರ ಮೇಲೆ ಅಲ್ಲಿ ಪರ್ಲೈಟ್ ಬರುತ್ತೋ ಮಾರ್ಟೆನ್ಸೈಟ್ ಬರುತ್ತೋ ನಿರ್ಧಾರ ಆಗುತ್ತೆ. ನೀರು ಹಾಕಿದ್ರೆ ಏನಾಗುತ್ತೆ ಅಂತ ಈಗ ಬಿಡಿಸಿ ಹೇಳಬೇಕಿಲ್ಲ. ಆದ್ರೆ ನೀರೇ ಬೇಕಂತಿಲ್ಲ. ದಪ್ಪ ಪ್ಲೇಟಿನಲ್ಲಿ ಸುತ್ತಲಿನ ತಣ್ಣನೆ ಲೋಹವೇ ಬಕೆಟ್ ನೀರಿನ ಕೆಲಸ ಮಾಡಿಬಿಡುತ್ತೆ, ಎಲ್ಲಾ ದಿಕ್ಕಿಗೂ ಬಿಸಿ ಎಳೆದುಕೊಳ್ಳುತ್ತೆ. ಅದಕ್ಕೇ ಪ್ರೀಹೀಟ್. ಸುತ್ತಲೂ ಮೊದಲೇ ಬಿಸಿ ಇದ್ರೆ ಜಾಯಿಂಟ್ ನಿಧಾನ ತಣಿಯುತ್ತೆ.

"ಇಲ್ಲಿ ಬಿಸಿಲೇ 48, ಪ್ಲೇಟು ಮುಟ್ಟಿದ್ರೆ ಕೈ ಸುಡುತ್ತೆ, ಮತ್ತೆ ಪ್ರೀಹೀಟ್ ಯಾಕೆ?" ಇದು ನಮ್ಮ ಯಾರ್ಡಿನ ಹಳೇ ಜೋಕು. ಬಿಸಿಲಿಗೆ ಬಿದ್ದ ಪ್ಲೇಟು ಕೈ ಸುಡೋಷ್ಟು ಕಾದ್ರೂ, ಪ್ರೊಸೀಜರಿನಲ್ಲಿ 100 ಅಂತ ಬರೆದಿದ್ರೆ 100ಕ್ಕೆ ಹೋಗಬೇಕು, ಅದೂ ದಪ್ಪದ ಒಳಗಿನವರೆಗೂ. ಮೇಲ್ಮೈ ಮಾತ್ರ ಕಾದ್ರೆ ಪ್ರಯೋಜನ ಇಲ್ಲ. ಅದಕ್ಕೇ ಬಣ್ಣದ ಟೆಂಪರೇಚರ್ ಸ್ಟಿಕ್ ಅನ್ನ ಜಾಯಿಂಟಿನಿಂದ ಸ್ವಲ್ಪ ದೂರದಲ್ಲಿ, ಆದಷ್ಟು ಹಿಂಬದಿಯಲ್ಲಿ ಗೀರಿ ನೋಡೋದು.

ಇಲ್ಲಿನ ಹವಾಮಾನದಲ್ಲಿ ಬಿಸಿಲಿಗಿಂತ ಹೆಚ್ಚು ತೊಂದರೆ ಕೊಡೋದು ಸೆಕೆ. ಆಗಸ್ಟಿನಲ್ಲಿ ಗಾಳಿಯೇ ಒದ್ದೆ. 7018 ರಾಡಿನ ಮೇಲಿನ ಲೇಪ ಆ ತೇವ ಹೀರಿಕೊಳ್ಳುತ್ತೆ, ಆರ್ಕಿನ ಬಿಸಿಗೆ ನೀರು ಒಡೆದು ಹೈಡ್ರೋಜನ್ ಆಗುತ್ತೆ, ಅದು ಲೋಹದೊಳಗೆ ಸೇರುತ್ತೆ. ಹೈಡ್ರೋಜನ್, ಗಟ್ಟಿ ಮಾರ್ಟೆನ್ಸೈಟ್, ಜಾಯಿಂಟಿನ ಎಳೆತ, ಈ ಮೂರೂ ಒಟ್ಟಿಗೆ ಸೇರಿದ್ರೆ ಬಿರುಕು. ಅದು ಆಗಲೇ ಕಾಣೋದಿಲ್ಲ. ಸಂಜೆ ಚೆನ್ನಾಗಿದ್ದ ಜಾಯಿಂಟ್ ಮರುದಿನ ಅಥವಾ ಅದರ ಮರುದಿನ ಒಳಗಿಂದ ಸೀಳಿರುತ್ತೆ. ಕೆಲವು ಕೆಲಸಗಳಲ್ಲಿ 48 ಗಂಟೆ ಕಳೆದ ಮೇಲೇ ಚೆಕ್ ಮಾಡ್ಬೇಕು ಅನ್ನೋ ನಿಯಮ ಇರೋದು ಇದಕ್ಕೇ. ರಾಡಿನ ಓವನ್, ಕೈಯಲ್ಲಿ ಹಿಡಿಯೋ ಕ್ವಿವರ್, ಹೊರತೆಗೆದ ರಾಡನ್ನ ನಾಲ್ಕು ಗಂಟೆಯೊಳಗೆ ಮುಗಿಸೋ ನಿಯಮ, ಇವೆಲ್ಲ ಸ್ಟೋರಿನವರ ಕಿರಿಕಿರಿ ಅಂತ ನಾನೂ ಅಂದ್ಕೊಂಡಿದ್ದೆ, ಓವನ್ನಿನ ಕರೆಂಟ್ ಬಿಲ್ಲಿಗೆ ಸಹಿ ಹಾಕುವಾಗಲೆಲ್ಲ.

ಯಾವ ಉಕ್ಕಿಗೆ ಎಷ್ಟು ಎಚ್ಚರ ಬೇಕು ಅಂತ ತಿಳಿಯೋಕೆ ಒಂದು ಲೆಕ್ಕ ಇದೆ. ನನಗೆ ಬಹಳ ಇಷ್ಟ ಆದ ಲೆಕ್ಕ ಇದು, ಬೇರೆ ಬೇರೆ ಕರೆನ್ಸಿಯನ್ನ ದಿರ್ಹಾಮಿಗೆ ತಿರುಗಿಸಿದ ಹಾಗೆ. ಕಾರ್ಬನ್ ಪೂರ್ತಿ ತಗೊಳ್ಳಿ. ಮ್ಯಾಂಗನೀಸ್ ಆರರಿಂದ ಭಾಗಿಸಿ. ಕ್ರೋಮಿಯಂ, ಮಾಲಿಬ್ಡಿನಮ್, ವನೇಡಿಯಮ್ ಮೂರನ್ನೂ ಕೂಡಿಸಿ ಐದರಿಂದ ಭಾಗಿಸಿ. ನಿಕಲ್, ತಾಮ್ರ ಕೂಡಿಸಿ ಹದಿನೈದರಿಂದ ಭಾಗಿಸಿ. ಎಲ್ಲಾ ಸೇರಿಸಿದ್ರೆ ಕಾರ್ಬನ್ ಈಕ್ವಿವಲೆಂಟ್. ಸಾಮಾನ್ಯ ಪೈಪಿನಲ್ಲಿ ಕಾರ್ಬನ್ 0.20, ಮ್ಯಾಂಗನೀಸ್ 0.90 ಇದ್ರೆ 0.20 ಕೂಡಿಸು 0.15, ಉಳಿದ ಚಿಲ್ಲರೆ ಸೇರಿ 0.37ರ ಆಸುಪಾಸು. ಸುಲಭದ ಉಕ್ಕು. ಶಾಫ್ಟಿಗೆ ಬಳಸೋ 4140 ಉಕ್ಕಿನಲ್ಲಿ ಕಾರ್ಬನ್ 0.40, ಮ್ಯಾಂಗನೀಸ್ 0.90, ಕ್ರೋಮಿಯಂ 1, ಮಾಲಿಬ್ಡಿನಮ್ 0.20: ಒಟ್ಟು 0.79. ಸುಮಾರು 0.45 ದಾಟಿದ್ರೇ ಎಚ್ಚರ ಅಂತಾರೆ, ಇದಂತೂ ಎಲ್ಲೋ ಮೇಲಿದೆ. ಬಿ-7 ಸ್ಟಡ್ ಬೋಲ್ಟ್ ಕೂಡ ಇದೇ ಜಾತಿ. "ನಟ್ಟು ತಿರುಗ್ತಾ ಇದೆ, ಒಂದು ಟ್ಯಾಕ್ ಹಾಕಿಬಿಡು" ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಹಾಕಬೇಡಿ. ಆ ಸಣ್ಣ ಟ್ಯಾಕಿನ ಕೆಳಗೆ ಒಂದು ಚೂರು ಮಾರ್ಟೆನ್ಸೈಟ್ ಹುಟ್ಟುತ್ತೆ, ಬೋಲ್ಟು ಅಲ್ಲಿಂದಲೇ ಮುರಿಯಬಹುದು. ಜಾಯಿಂಟಿನ ಹೊರಗೆ ಪ್ಲೇಟಿನ ಮೇಲೆ ರಾಡು ತಟ್ಟಿ ಆರ್ಕ್ ಹೊತ್ತಿಸಬೇಡಿ ಅನ್ನೋದೂ ಇದಕ್ಕೇ. ನಮ್ಮ ಕಡೆ ಸೋರ್ ಗ್ಯಾಸಿನ ಲೈನುಗಳಲ್ಲಿ ಕೆಲಸ ಮಾಡೋರಿಗೆ ಗೊತ್ತಿರುತ್ತೆ, ಅಲ್ಲಿ ಗಡಸುತನ 22 ರಾಕ್‌ವೆಲ್ ಸಿ ದಾಟಬಾರದು. ಹೈಡ್ರೋಜನ್ ಅಲ್ಲಿ ರಾಡಿನಿಂದ ಬರಬೇಕಾಗಿಯೂ ಇಲ್ಲ, ಗ್ಯಾಸಿನಿಂದಲೇ ವರ್ಷಗಟ್ಟಲೆ ಒಳಗೆ ಸೇರ್ತಾ ಇರುತ್ತೆ.

ಇನ್ನು ಮಧ್ಯಾಹ್ನದ ಹಸಿ ಅರಿವಿ. ಎಸ್‌ಎಸ್ 304ರಲ್ಲಿ ಕ್ರೋಮಿಯಂ ಶೇಕಡಾ 18, ನಿಕಲ್ 8. ನಿಕಲ್ ಇರೋದ್ರಿಂದ ಅದು ತಣ್ಣಗಾದ್ರೂ ಆಸ್ಟೆನೈಟ್ ಆಗೇ ಉಳಿಯುತ್ತೆ, ಅಣುಗಳು ಜಾಗ ಬದಲಾಯಿಸೋದೇ ಇಲ್ಲ. ಹಾಗಾಗಿ ಜೋರಾಗಿ ತಣಿಸಿದ್ರೆ ಮಾರ್ಟೆನ್ಸೈಟ್ ಆಗುತ್ತೆ ಅನ್ನೋ ಭಯ ಇಲ್ಲ. ಇಲ್ಲಿನ ಭಯ ಪೂರ್ತಿ ಉಲ್ಟಾ: ನಿಧಾನ ತಣಿದ್ರೆ ತೊಂದರೆ. ಸುಮಾರು 450ರಿಂದ 850 ಡಿಗ್ರಿ ಮಧ್ಯೆ ಹೆಚ್ಚು ಹೊತ್ತು ನಿಂತ್ರೆ ಕಾರ್ಬನ್ ಹೊರಬಂದು ಕ್ರೋಮಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತೆ. ಅದು ಕೂರೋದು ಲೋಹದ ಹರಳುಗಳ ಗಡಿಯಲ್ಲಿ, ಹೊಲದ ಬದುವಿನ ಮೇಲೆ ಕಳೆ ಬಂದ ಹಾಗೆ.

ಈ ಕಾರ್ಬೈಡಿನ ಲೆಕ್ಕ 23 ಕ್ರೋಮಿಯಂಗೆ 6 ಕಾರ್ಬನ್. ತೂಕದಲ್ಲಿ ಲೆಕ್ಕ ಹಾಕಿದೆ. ಕ್ರೋಮಿಯಂ ಅಣುಭಾರ 52, ಕಾರ್ಬನ್ 12. ಒಂದು ಗ್ರಾಂ ಕಾರ್ಬನ್ ಸುಮಾರು 16.6 ಗ್ರಾಂ ಕ್ರೋಮಿಯಂ ನುಂಗುತ್ತೆ! 304ರಲ್ಲಿ ಕಾರ್ಬನ್ ಹೆಚ್ಚೆಂದರೆ ಶೇಕಡಾ 0.08. ಅಷ್ಟೂ ಕಾರ್ಬೈಡ್ ಆದ್ರೆ ಹೋಗೋದು ಶೇಕಡಾ 1.33 ಕ್ರೋಮಿಯಂ. 18ರಲ್ಲಿ 16.67 ಉಳಿಯುತ್ತೆ. ತುಕ್ಕು ಹಿಡಿಯದಿರೋಕೆ ಸುಮಾರು 11-12 ಸಾಕಲ್ಲ, ಮತ್ತೆ ಯಾಕೆ ಹಾಳಾಗುತ್ತೆ? ಇದನ್ನ ಇನ್‌ಸ್ಪೆಕ್ಟರಿಗೆ ಕೇಳಿದಾಗ ಅವರು ನಕ್ಕು ಹೇಳಿದ್ದು, "ನಿಮ್ಮ ಭಾಷೆಯಲ್ಲೇ ಯೋಚಿಸಿ." ಒಂದು ಕಂಪನಿಗೆ ಹತ್ತು ಬ್ರಾಂಚ್ ಇದೆ, ಬ್ಯಾಲೆನ್ಸ್ ಶೀಟಿನಲ್ಲಿ ಒಟ್ಟು ಕ್ಯಾಶ್ ಬೇಕಾದಷ್ಟಿದೆ, ಆದ್ರೆ ಗಡಿಯ ಒಂದು ಬ್ರಾಂಚಿನ ಗಲ್ಲಾಪೆಟ್ಟಿಗೆ ಪೂರ್ತಿ ಖಾಲಿ. ಬೇರೆ ಬ್ರಾಂಚಿನಿಂದ ದುಡ್ಡು ಬರೋಕೆ ತಿಂಗಳು ಬೇಕು. ಕಾರ್ಬನ್ ಸಣ್ಣದು, ದೂರದಿಂದಲೂ ಬೇಗ ಓಡಿ ಗಡಿಗೆ ಬರುತ್ತೆ. ಕ್ರೋಮಿಯಂ ದೊಡ್ಡದು, ನಿಧಾನ. ಹಾಗಾಗಿ ಕಾರ್ಬನ್ ತನಗೆ ಬೇಕಾದ ಕ್ರೋಮಿಯಂ ಅಷ್ಟನ್ನೂ ಗಡಿಯ ಪಕ್ಕದಿಂದಲೇ ಕಿತ್ತುಕೊಳ್ಳುತ್ತೆ. ಆ ಸಣ್ಣ ಪಟ್ಟಿಯಲ್ಲಿ ಕ್ರೋಮಿಯಂ 12ಕ್ಕೂ ಕೆಳಗೆ ಇಳಿಯುತ್ತೆ. ಸರ್ಟಿಫಿಕೇಟಿನಲ್ಲಿ 18 ಅಂತಲೇ ಇದೆ, ಸುಳ್ಳೂ ಅಲ್ಲ. ಉಪ್ಪು ಗಾಳಿ, ಆಸಿಡ್ ಬಂದಾಗ ಗಡಿಯ ಗುಂಟ ತಿಂದು ಹೋಗುತ್ತೆ, ಹರಳುಗಳು ಮರಳಿನಂತೆ ಉದುರೋವರೆಗೂ. ಜಾಯಿಂಟಿನ ಮೇಲೇ ಅಲ್ಲ, ಅದರ ಪಕ್ಕ ಸ್ವಲ್ಪ ದೂರದಲ್ಲಿ ಒಂದು ಗೆರೆಯ ಹಾಗೆ ಹಾಳಾಗುತ್ತೆ, ಯಾಕಂದ್ರೆ ಆ ಬಿಸಿ ಮಟ್ಟದಲ್ಲಿ ಹೆಚ್ಚು ಹೊತ್ತು ಇದ್ದದ್ದು ಆ ಪಟ್ಟಿಯೇ.

ಅದಕ್ಕೇ ಎಸ್‌ಎಸ್‌ನಲ್ಲಿ ಒಂದು ರನ್ ಆದ ಮೇಲೆ ತಣಿಯೋಕೆ ಬಿಡಬೇಕು, ಸಾಮಾನ್ಯವಾಗಿ 150 ಅಥವಾ 175 ಡಿಗ್ರಿ ಮೇಲಿದ್ರೆ ಮುಂದಿನ ರನ್ ಹಾಕಬಾರದು ಅಂತ ಪ್ರೊಸೀಜರ್ ಹೇಳುತ್ತೆ. ಹಸಿ ಅರಿವಿ ಆ ಕಾಯೋ ಸಮಯ ಉಳಿಸೋಕೆ. ಪ್ರೊಸೀಜರಿನಲ್ಲಿ ಒಪ್ಪಿಗೆ ಇದ್ರೆ ಮಾತ್ರ, ಅದೂ ಸ್ವಚ್ಛ ನೀರು. ಬೋರಿನ ಉಪ್ಪು ನೀರು ಎಸ್‌ಎಸ್‌ಗೆ ಬೇರೆಯೇ ರೋಗ ತರುತ್ತೆ. ಇನ್ನೊಂದು ದಾರಿ ಕಾರ್ಬನ್ನನ್ನೇ ಕಡಿಮೆ ಮಾಡೋದು. 304 ಎಲ್‌ನಲ್ಲಿ ಕಾರ್ಬನ್ 0.03 ಅಷ್ಟೇ, ಕಾರ್ಬೈಡ್ ಹುಟ್ಟೋಕೆ ನಿಮಿಷಗಳ ಬದಲು ಗಂಟೆಗಟ್ಟಲೆ ಬೇಕು. 321ರಲ್ಲಿ ಟೈಟಾನಿಯಂ ಹಾಕಿರ್ತಾರೆ, ಕಾರ್ಬನ್ ಅದರ ಜೊತೆ ಹೋಗಲಿ, ಕ್ರೋಮಿಯಂ ಬಿಡಲಿ ಅಂತ. ರಾಡಿನ ಡಬ್ಬಿಯ ಮೇಲೆ 308 ಇದೆಯೋ 308 ಎಲ್ ಇದೆಯೋ ನೋಡಿ ತಗೊಳ್ಳಿ. ಆ ಒಂದು ಅಕ್ಷರದ ಬೆಲೆ ಖರೀದಿ ವಿಭಾಗದವರಿಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಹಾಂ, ಎಸ್‌ಎಸ್ ಮೇಲೆ ಕಂಡ ಕಂದು ಕಲೆಯೆಲ್ಲ ಇದೇ ಅಂತ ಅಂದ್ಕೋಬೇಡಿ. ಬಹಳ ಸಲ ಅದು ಸಾದಾ ಉಕ್ಕಿಗೆ ಬಳಸಿದ ಬ್ರಶ್, ಗ್ರೈಂಡಿಂಗ್ ವೀಲನ್ನೇ ಎಸ್‌ಎಸ್‌ಗೂ ಬಳಸಿದ್ದರ ಫಲ.

ಇಷ್ಟು ಓದಿ ಕಾರ್ಬೈಡ್ ಅಂದ್ರೇ ಕೆಟ್ಟದ್ದು ಅನ್ನಿಸಿದ್ರೆ ಪವರ್ ಪ್ಲಾಂಟಿನವರನ್ನ ಕೇಳಿ. ಸ್ಟೀಮ್ ಲೈನಿನ ಪಿ-91 ಉಕ್ಕು ಕಾರ್ಬೈಡಿನಿಂದಲೇ ಬದುಕೋದು. ಅದರಲ್ಲಿ ಕ್ರೋಮಿಯಂ 9, ಮಾಲಿಬ್ಡಿನಮ್ 1, ಚೂರು ವನೇಡಿಯಮ್, ನಿಯೋಬಿಯಂ. ಗಾಳಿಯಲ್ಲಿ ತಣಿದ್ರೂ ಮಾರ್ಟೆನ್ಸೈಟ್ ಆಗುತ್ತೆ, ತಡೆಯೋಕೆ ಆಗಲ್ಲ, ತಡೆಯೋದೂ ಬೇಡ. 200 ಡಿಗ್ರಿ ಪ್ರೀಹೀಟ್ ಕೊಡೋದು ಹೈಡ್ರೋಜನ್ ಹೊರಹೋಗಲಿ ಅಂತ. ವೆಲ್ಡಿಂಗ್ ಮುಗಿದ ಮೇಲೆ ಸುಮಾರು 100 ಡಿಗ್ರಿಗೆ ಇಳಿಸಿ, ಎಲ್ಲಾ ಆಸ್ಟೆನೈಟೂ ಮಾರ್ಟೆನ್ಸೈಟ್ ಆದ ನಂತರ 750ರ ಆಸುಪಾಸು ಗಂಟೆಗಟ್ಟಲೆ ಇಡ್ತಾರೆ. ಕಮ್ಮಾರರ ಹದವೇ, ಬಣ್ಣದ ಬದಲು ಥರ್ಮೋಕಪಲ್. ಆಗ ಕಾರ್ಬೈಡುಗಳು ಸಣ್ಣ ಸಣ್ಣದಾಗಿ ಎಲ್ಲಾ ಕಡೆ ಹರಡಿಕೊಳ್ತವೆ, ಗಡಿಗಳನ್ನ ಮೊಳೆ ಹೊಡೆದ ಹಾಗೆ ಹಿಡಿದು, 550-600 ಡಿಗ್ರಿ ಹಬೆಯಲ್ಲೂ ಪೈಪು ಜೋತುಬೀಳದ ಹಾಗೆ ಮಾಡ್ತವೆ. ಅವಸರ ಮಾಡಿ 100ಕ್ಕೆ ಇಳಿಯೋ ಮೊದಲೇ ಬಿಸಿ ಮಾಡಿದ್ರೆ, ಉಳಿದ ಆಸ್ಟೆನೈಟ್ ಆಮೇಲೆ ಹದ ಇಲ್ಲದ ಹಸಿ ಮಾರ್ಟೆನ್ಸೈಟ್ ಆಗಿ ಒಳಗೇ ಕೂತಿರುತ್ತೆ. ಹೀಟ್ ಟ್ರೀಟ್‌ಮೆಂಟಿನ ಚಾರ್ಟ್ ನೋಡಿಕೊಳ್ಳೋ ಹುಡುಗರಲ್ಲಿ ನಮ್ಮ ಕನ್ನಡದವರು ಬಹಳ ಇದ್ದೀರಿ. ರಾತ್ರಿ ಪಾಳಿಯಲ್ಲಿ ಥರ್ಮೋಕಪಲ್ ಕಳಚಿದ್ರೆ ಸುಮ್ಮನೆ ಗೆರೆ ಮುಂದುವರಿಸಬೇಡಿ, ಯಾರನ್ನಾದ್ರೂ ಎಬ್ಬಿಸಿ.

ಒಂದು ಮಾತು ವಿಷಯಕ್ಕೆ ಸ್ವಲ್ಪ ಪಕ್ಕದ್ದು. ಉಕ್ಕು ಅನ್ನೋ ನಮ್ಮ ಪದವೇ ಇಂಗ್ಲಿಷಿನಲ್ಲಿ ವೂಟ್ಸ್ ಆಯ್ತು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ ಚೂರು, ಎಲೆ ಇಟ್ಟು ಕರಗಿಸಿ ನಿಧಾನ ತಣಿಸಿದ ಆ ಉಕ್ಕಿನಲ್ಲಿ ಕಾರ್ಬನ್ ಶೇಕಡಾ ಒಂದೂವರೆಯ ಆಸುಪಾಸು. ಮೈಸೂರು ಸೀಮೆಯಲ್ಲಿ ಹೀಗೆ ಮಾಡೋದನ್ನ ಫ್ರಾನ್ಸಿಸ್ ಬುಕಾನನ್ 1800-01ರ ಪ್ರವಾಸದಲ್ಲಿ ಕಂಡು ಬರೆದಿದ್ದಾನೆ. ದಕ್ಷಿಣದ ಆ ಉಕ್ಕಿನ ಗಟ್ಟಿಗಳು ಹಡಗೇರಿ ಇದೇ ಸಮುದ್ರ ದಾಟಿ ಪರ್ಷಿಯಾ, ಅರಬ್ ನಾಡುಗಳಿಗೆ ಬರ್ತಿದ್ವು, ಇಲ್ಲಿನ ಕತ್ತಿ ಮಾಡೋರು ಅದನ್ನ ಹದವಾದ ಬಿಸಿಯಲ್ಲೇ ಬಡಿದು ಬಡಿದು ಅಲೆ ಅಲೆಯಾದ ಮೈ ಬರಿಸ್ತಿದ್ರು. ಆ ಅಲೆ ಬೇರೇನಲ್ಲ, ಸಾಲುಗಟ್ಟಿದ ಸಿಮೆಂಟೈಟ್. ಜಾಸ್ತಿ ಕಾಯಿಸಿದ್ರೆ ಕಾರ್ಬೈಡ್ ಕರಗಿ ಚಿತ್ತಾರ ಮಾಯ.

ಕೊನೆಗೆ ಬಾಗಲಕೋಟೆಯ ಗೆಳೆಯರಿಗೂ ಉಳಿದವರಿಗೂ ಅಕೌಂಟ್ಸ್ ಕಡೆಯಿಂದ ಒಂದೆರಡು ವಿಷಯ. ಪ್ರತಿ ಪ್ಲೇಟಿನ ಮೇಲೂ ಹೀಟ್ ನಂಬರ್ ಹೊಡೆದಿರುತ್ತೆ, ಅದರ ಸರ್ಟಿಫಿಕೇಟ್ ಬಿಲ್ಲಿನ ಜೊತೆ ನಮ್ಮ ಟೇಬಲ್ಲಿಗೇ ಬರುತ್ತೆ. ಯಾವ ಉಕ್ಕು ಅಂತ ಅನುಮಾನ ಬಂದ್ರೆ ಕೇಳಿ, ತೋರಿಸೋಕೆ ಯಾರೂ ಬೇಡ ಅನ್ನಲ್ಲ. ಪ್ಲೇಟು ಕತ್ತರಿಸಿದಾಗ ಉಳಿದ ತುಂಡಿಗೂ ಆ ನಂಬರ್ ಬರೆದಿಡಿ. ಅವಸರ ಅಂತ ಪ್ರೀಹೀಟ್ ಬಿಡು ಅಂದ್ರೆ ಜಗಳ ಬೇಡ, "ಸರ್, ಪ್ರೊಸೀಜರಿನಲ್ಲಿ 100 ಇದೆ, ಬಿಟ್ಟು ಮಾಡೋದಾದ್ರೆ ಒಂದು ಸಹಿ ಹಾಕಿ ಕೊಡಿ" ಅನ್ನಿ. ಬಹಳ ಕಡೆ ಅಷ್ಟು ಕೇಳಿದ ಕೂಡಲೇ ಗ್ಯಾಸ್ ಬರ್ನರ್ ಸಿಗುತ್ತೆ. ಪ್ರೀಹೀಟ್ ಎಷ್ಟಿತ್ತು, ಎಷ್ಟು ಗಂಟೆಗೆ ರಾಡು ಓವನ್ನಿನಿಂದ ತೆಗೆದ್ರಿ ಅನ್ನೋದು ಲಾಗಿನಲ್ಲಿ ಇದ್ರೆ, ನಾಳೆ ಬಿರುಕು ಕಂಡಾಗ ನಿಮ್ಮ ಹೆಸರನ್ನೇ ಮೊದಲು ಹಿಡಿಯೋದಿಲ್ಲ.

ಮುಂದಿನ ತಿಂಗಳು ಎನ್‌ಆರ್‌ಇ ಖಾತೆ, ಎನ್‌ಆರ್‌ಒ ಖಾತೆ. ಊರಿನ ಬಾಡಿಗೆ ದುಡ್ಡು ಯಾವುದಕ್ಕೆ ಹಾಕಬೇಕು ಅಂತ ಮೂರು ಜನ ಕೇಳಿದ್ದೀರಿ. ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ನೋಡಿ, ಖಾತೆ ಯಾವ ತರಹದ್ದು ಅಂತ ಬರೆದಿಟ್ಟುಕೊಂಡಿರಿ.